ಮನೆಯಲ್ಲಿ ಜೋಡಿಸಿದ ಚೈನು ಬೆಟ್ಟ ಹತ್ತಿತು

ಸೈಕಲ್ಲಿಗೆ ಈ ಚೈನನ್ನು ನಾನೇ ಹಾಕಿ, ಕೊಂಡಿಗಳನ್ನು ಹಿಡಿದಿಡುವ ಪಿನ್ನನ್ನೂ ನಾನೇ ಕೂರಿಸಿ ಹದಿನಾಲ್ಕು ತಿಂಗಳಾಯಿತು. ಮೂರು ಸಾವಿರ ಕಿಲೋಮೀಟರ್ ದಾಟಿರಬೇಕು. ಚಾಮುಂಡಿ ಬೆಟ್ಟವನ್ನೇ ನಲವತ್ತು ಸಲವಾದರೂ ಹತ್ತಿದ್ದೇನೆ. "ಮನೆಯಲ್ಲಿ ಕೂರಿಸಿದ ಪಿನ್ನು ಸಪಾಟು ರಸ್ತೆಗೆ ಸಾಕು ಮೇಷ್ಟ್ರೇ, ಏರಿನಲ್ಲಿ ಕೈಕೊಡುತ್ತದೆ" ಎಂದಿದ್ದ ಸೈಕಲ್ ಅಂಗಡಿಯವರು ಈಗ ನನ್ನನ್ನು ಕಂಡರೆ ಟ್ಯೂಬು, ಟೈರಿನ ಮಾತಷ್ಟೇ ಆಡುತ್ತಾರೆ. ಭಾವ ಮಾತ್ರ "ಒಂದು ಮಳೆಗಾಲ ಕಳೆಯಲಿ, ನೋಡೋಣ" ಎನ್ನುತ್ತಲೇ ಇದ್ದಾರೆ. ಮಳೆಗಾಲ ಕಳೆದದ್ದು ಅವರ ಗಮನಕ್ಕೆ ಬಂದಂತಿಲ್ಲ.

ಅವರಿಬ್ಬರೂ ಅನುಮಾನಪಟ್ಟದ್ದರಲ್ಲಿ ತಪ್ಪಿಲ್ಲ. ನನ್ನ ಮೊದಲ ಚೈನು ಏರಿನಲ್ಲೇ ಕೈಕೊಟ್ಟಿತ್ತು.

ನನ್ನದು ಹಿಂದಿನ ಗಾಲಿಗೆ ಏಳು ಹಲ್ಲುಚಕ್ರಗಳಿರುವ ಗೇರ್ ಸೈಕಲ್. ಹಳೆಯ ಚೈನಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. ಮೊದಲ ಪಿನ್ನು ಬಿಟ್ಟು ಇಪ್ಪತ್ತನಾಲ್ಕು ಪಿನ್ನು ಎಣಿಸಿದರೆ ಸರಿಯಾಗಿ 12 ಇಂಚು ಬರಬೇಕು. ನನ್ನದು ಸವೆದು ಮೂರು ಮಿಲಿಮೀಟರಿಗೂ ಹೆಚ್ಚು ಆಚೆ ಹೋಗಿತ್ತು. ಅಂಗಡಿಯಲ್ಲಿ ಚೈನು, ಕೂಲಿ ಸೇರಿ ಒಂಬೈನೂರು ಕೇಳಿದರು. ನಾನು ನಾನೂರೈವತ್ತೋ ಏನೋ ಕೊಟ್ಟು ಚೈನು ಮಾತ್ರ ತಂದೆ. ಪಿನ್ನನ್ನು ತಳ್ಳುವ ಚೈನ್ ಕಟರ್ ಇರಲಿಲ್ಲ. ಮೊಳೆ, ಸುತ್ತಿಗೆ, ಬಟ್ಟೆ ಒಗೆಯುವ ಕಲ್ಲು ಇದ್ದವು. ಹೊಡೆದ ಹೊಡೆತಕ್ಕೆ ಪಿನ್ನು ಪೂರ್ತಿ ಹೊರಬಿದ್ದು ಬಚ್ಚಲಿನ ಕಡೆಗೆ ಉರುಳಿತು. ಹುಡುಕಿ ತಂದೆ, ಮತ್ತೆ ಹೊಡೆದು ಕೂರಿಸಿದೆ. ಓರೆಯಾಗಿ ಹೋದದ್ದು ಕಣ್ಣಿಗೆ ಕಾಣುತ್ತಿತ್ತು, ಆದರೂ ಹಟ. ಮುಂದಿನ ಭಾನುವಾರ, ಚಾಮುಂಡಿ ಬೆಟ್ಟದಲ್ಲಿ ನಂದಿ ವಿಗ್ರಹದ ಕಡೆಗೆ ದಾರಿ ಒಡೆಯುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ನಿಂತು ತುಳಿಯುವಾಗ ಫಟ್ ಎಂದಿತು. ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ಇಳಿಜಾರು ಇರುವವರೆಗೆ ಸೈಕಲ್ ತಾನೇ ಉರುಳಿತು, ಅಲ್ಲಿಂದ ಮನೆಗೆ ಆಟೊ, ಸುಮಾರು ನೂರೆಂಬತ್ತು ರೂಪಾಯಿ.

ಎರಡನೆಯ ಸಲ ಕಟರ್ ಕೊಂಡೆ, ಇನ್ನೂರೆಂಬತ್ತು. ಆಗಲೂ ಪೆಟ್ಟು ತಿಂದೆ. ಹಳೆಯ ಚೈನನ್ನೂ ಹೊಸದನ್ನೂ ಒಂದೇ ಮೊಳೆಗೆ ನೇತುಹಾಕಿ, ಉದ್ದ ಸಮ ಬರುವಲ್ಲಿ ಕತ್ತರಿಸಿದೆ. ಚೈನಿನಲ್ಲಿ ಕಿರಿದಾದ ಒಳಕೊಂಡಿ, ಅದನ್ನು ಹೊರಗಿನಿಂದ ಹಿಡಿಯುವ ಹೊರಕೊಂಡಿ ಒಂದಾದ ಮೇಲೊಂದು ಇರುತ್ತವೆ; ನನಗೆ ಎರಡೂ ತುದಿಗಳಲ್ಲಿ ಒಳಕೊಂಡಿಯೇ ಬಂತು! ಜೋಡಿಸುವುದೆಲ್ಲಿಗೆ? ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ನನ್ನದರಷ್ಟು ಸವೆದ ಚೈನು ಒಟ್ಟಾರೆ ಒಂದು ಕೊಂಡಿಯಷ್ಟು ಹೆಚ್ಚು ಉದ್ದವಾಗಿರುತ್ತದೆ. ಹಳೆಯದರಲ್ಲಿ 110 ಕೊಂಡಿ ಇದ್ದರೆ ಹೊಸದರಲ್ಲಿ ಅದೇ ಉದ್ದಕ್ಕೆ 111 ಬರುತ್ತದೆ. ಪುಣ್ಯಕ್ಕೆ ಕೊಂಡಿ ಹೆಚ್ಚಾಗಿತ್ತು, ಕಡಿಮೆಯಾಗಿರಲಿಲ್ಲ. ಇನ್ನೊಂದನ್ನು ಬಿಚ್ಚಿದರೆ ಸರಿಹೋಯಿತು. ಈಗ ನಾನು ಅಳೆಯುವುದೇ ಇಲ್ಲ, ಎಣಿಸುತ್ತೇನೆ. ಹತ್ತು ಕೊಂಡಿಗೊಂದು ಬಣ್ಣದ ದಾರ ಕಟ್ಟಿ ಎಣಿಸಿದರೆ ನಡುವೆ ಯಾರು ಕರೆದರೂ ಲೆಕ್ಕ ತಪ್ಪುವುದಿಲ್ಲ.

ಪಿನ್ನಿನ ವಿಷಯದಲ್ಲಿ ನನ್ನ ಪದ್ಧತಿ ಇಷ್ಟೇ: ಅದನ್ನು ಪೂರ್ತಿ ಹೊರಗೆ ಬರಲು ಬಿಡುವುದಿಲ್ಲ. ಕಟರಿನ ಹಿಡಿಯನ್ನು ಎಷ್ಟು ಸುತ್ತು ತಿರುಗಿಸಬೇಕೆಂದು ಬಿಸಾಡಿದ ಚೈನಿನ ತುಂಡಿನ ಮೇಲೆ ಮೊದಲು ನೋಡಿಕೊಂಡೆ. ಪಿನ್ನು ಹೊರಕೊಂಡಿಯ ತಟ್ಟೆಯಲ್ಲಿ ಕಚ್ಚಿಕೊಂಡೇ ಇರಬೇಕು, ಒಳಗೆ ಕೂದಲೆಳೆಯಷ್ಟು ಇಣುಕಬೇಕು. ಆ ಇಣುಕುವ ತುದಿಗೇ ಎದುರು ಕೊಂಡಿ ಕಟಕ್ಕೆಂದು ಸಿಕ್ಕಿಕೊಳ್ಳುತ್ತದೆ. ಆಮೇಲೆ ಕಟರು ಪಿನ್ನನ್ನು ನೇರವಾಗಿ ತಳ್ಳುತ್ತದೆ. ಗಾಲಿಯ ಮುರಿದ ಕಡ್ಡಿಯೊಂದನ್ನು ಎರಡೂ ಕಡೆ ಬಾಗಿಸಿ ಕೊಕ್ಕೆ ಮಾಡಿಕೊಂಡಿದ್ದೇನೆ. ಚೈನನ್ನು ಎರಡು ಬದಿಯಿಂದ ಎಳೆದು ಹಿಡಿದಿರುತ್ತದೆ, ಮೂರನೆಯ ಕೈ ಬೇಕಾಗುವುದಿಲ್ಲ. ಪಿನ್ನು ಎರಡೂ ಬದಿಯಲ್ಲಿ ಸಮನಾಗಿ ಕೂತಿದೆಯೇ ಎಂದು ತಿಳಿಯುವ ಬಗೆಯೊಂದಿದೆ. ಕಣ್ಣಿಗಿಂತ ಉಗುರನ್ನು ನಂಬಿ, ಅಷ್ಟು ಹೇಳಬಲ್ಲೆ. ಹತ್ತು ಹನ್ನೊಂದು ಗೇರಿನ ಸಪೂರ ಚೈನಿಗೆ ಈ ಕೆಲಸ ಮಾಡಬೇಡಿ; ಅದಕ್ಕೆ ಪಿನ್ನು ತಳ್ಳದೆ ಸಿಕ್ಕಿಸುವ ಲಾಕ್ ಕೊಂಡಿಯೇ ಗತಿ.

ಎರಡನೆಯ ಚೈನಿನಲ್ಲಿ ಜೋಡಿಸಿದ ಕೊಂಡಿ ಬಿಗಿಯಾಗಿ, ಫ್ರೀವೀಲಿನ (ಹಿಂದಿನ ಹಲ್ಲುಚಕ್ರಗಳ ಗೊಂಚಲಿನ) ಹತ್ತಿರ ಬಂದಾಗಲೆಲ್ಲ ಎಗರುತ್ತಿತ್ತು. ಎಣ್ಣೆ ಹಾಕಿದೆ, ತಟ್ಟಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಎರಡು ಹೆಬ್ಬೆರಳಿನಿಂದ ಚೈನನ್ನು ಅಡ್ಡಡ್ಡ ಬಗ್ಗಿಸಿದೆ, ಹತ್ತು ಸೆಕೆಂಡಿನಲ್ಲಿ ಸಡಿಲವಾಯಿತು. ಆದರೂ ಎಗರುವುದು ನಿಲ್ಲಲಿಲ್ಲ, ಅದೂ ಚಿಕ್ಕ ಚಕ್ರಗಳಲ್ಲಿ ಮಾತ್ರ. ಹಳೆಯ ಚೈನು ಹಲ್ಲುಗಳನ್ನೂ ತಿಂದುಹಾಕಿತ್ತು. ಫ್ರೀವೀಲಿಗೆ ಆರುನೂರು, ಬಿಚ್ಚುವ ಸಾಧನಕ್ಕೆ ನೂರೈವತ್ತು. ಎರಡು ಚೈನು, ಕಟರು, ಆಟೊ ಎಲ್ಲ ಕೂಡಿದರೆ ಎರಡು ಸಾವಿರ ದಾಟಿತು. ಒಂಬೈನೂರರಲ್ಲಿ ಅರ್ಧ ಉಳಿಸಲು ಹೊರಟವನ ಕಥೆ ಇದು. ಆದರೆ ಆಮೇಲೆ ಬೀದಿಯ ಐದು ಸೈಕಲ್ಲುಗಳಿಗೆ ಚೈನು ಹಾಕಿದ್ದೇನೆ, ಒಂದೂ ವಾಪಸು ಬಂದಿಲ್ಲ.

ಎಣ್ಣೆಯ ಪ್ರಯೋಗಗಳು ಬೇರೆ. ತೆಂಗಿನೆಣ್ಣೆ ಹಾಕಿದ್ದು ಡಿಸೆಂಬರಿನಲ್ಲಿ. ಬೆಳಗ್ಗೆ ನೋಡಿದರೆ ಚೈನಿನ ಮೇಲೆ ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು, ಅದರ ಮೇಲೆ ಧೂಳಿನ ಹಿಟ್ಟು. ಹೊಲಿಗೆ ಯಂತ್ರದ ಎಣ್ಣೆ ನುಣುಪು, ನಾಲ್ಕು ದಿನದ ಮಾತು. ಮೇಣದಬತ್ತಿ ಕರಗಿಸಿ, ಡೀಸೆಲ್‌ನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದ ಚೈನನ್ನು ಆ ಮೇಣದಲ್ಲಿ ಅದ್ದಿದೆ. ಪ್ಯಾಂಟಿಗೆ ಕಲೆಯಿಲ್ಲ, ಸದ್ದಿಲ್ಲ. ಒಂದೇ ಮಳೆಗೆ ಕೀಚಲು. ಈಗ ಮೇಣಕ್ಕೆ ಇನ್ನೊಂದು ಪದಾರ್ಥ ಬೆರೆಸುತ್ತೇನೆ. ಅದು ಯಾವುದೆಂದು ಅಂಗಡಿಯವರು ಎರಡು ಸಲ ಕೇಳಿದ್ದಾರೆ. ನಾನು ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಮೊನ್ನೆ ಭಾವ ತಮ್ಮ ಸೈಕಲ್ಲನ್ನು ತಳ್ಳಿಕೊಂಡೇ ಬಂದರು. ಚೈನು ತುಂಡಾಗಿತ್ತು, ಅದೂ ಅಂಗಡಿಯಲ್ಲಿ ಹಾಕಿಸಿದ್ದು. ಚೀಲದಿಂದ ಹೊಸ ಚೈನು ತೆಗೆದು ಕೊಟ್ಟು, ಜೇಬಿನಿಂದ ಕಾಗದದಲ್ಲಿ ಸುತ್ತಿದ ಲಾಕ್ ಕೊಂಡಿಯೊಂದನ್ನೂ ತೆಗೆದರು. "ನೀನೇ ಹಾಕು, ಆದರೆ ಪಿನ್ನು ಬೇಡ" ಎಂದರು.