ಹಣ ಹೋಯ್ತಾ? ಮೊದಲು 1930ಕ್ಕೆ ಫೋನ್ ಮಾಡಿ, ಅಳೋದು ಆಮೇಲೆ

ನಮ್ಮ ಪಕ್ಕದ ಮನೆಯ ಆಂಟಿಗೆ ಒಂದು ಮೆಸೇಜ್ ಬಂತು: ಬಿಲ್ ಕಟ್ಟಿಲ್ಲ, ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್. ಕೆಳಗೊಂದು ನಂಬರ್. ಫೋನ್ ಮಾಡಿದರು, ಆತ ಕಳಿಸಿದ ಆ್ಯಪ್ ಹಾಕಿಕೊಂಡರು. ಕಾಲು ಗಂಟೆಯಲ್ಲಿ 48 ಸಾವಿರ ಖಾಲಿ. ಮಗ ಆಫೀಸಿನಿಂದ ಬರಲಿ ಅಂತ ಸಂಜೆವರೆಗೂ ಸುಮ್ನೆ ಕೂತರು. ಕೆಟ್ಟಿದ್ದು ಅಲ್ಲೇ.

ಕದ್ದ ಹಣ ಒಂದೇ ಖಾತೆಯಲ್ಲಿ ಇರುವುದಿಲ್ಲ. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಾರಿ, ಯಾವುದೋ ಊರಿನ ಎಟಿಎಂನಲ್ಲಿ ನೋಟಾಗಿ ಹೊರಬರುತ್ತದೆ. ಅಷ್ಟರೊಳಗೆ ತಡೆಯುವುದಕ್ಕೇ 1930 ಸಹಾಯವಾಣಿ ಇರುವುದು. ಆದ್ದರಿಂದ ಮೊದಲ ಕೆಲಸ ಆ ಫೋನ್. ಹಣ ಹೋದ ಸಮಯ, ಮೊತ್ತ, ನಿಮ್ಮ ಬ್ಯಾಂಕು ಯಾವುದು ಅಂತ ಕೇಳುತ್ತಾರೆ. ಯುಟಿಆರ್ ನಂಬರ್, ಅಂದರೆ ಆ ಪಾವತಿಯ ಗುರುತಿನ ಸಂಖ್ಯೆ ಕೂಡ ಬೇಕು. ಯುಪಿಐ ಆ್ಯಪ್‌ನಲ್ಲಿ ಆ ಪಾವತಿಯನ್ನು ಒತ್ತಿ ನೋಡಿ, ಕೆಳಗೆ ಸಣ್ಣ ಅಕ್ಷರದಲ್ಲಿ 12 ಅಂಕಿ ಕಾಣುತ್ತದೆ. ಅದೇ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಪೂರ್ತಿ ದೂರು ತುಂಬಿಸಿ.

ತಕ್ಷಣ ಬ್ಯಾಂಕಿಗೂ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 2017ರ ಜುಲೈನ ಆರ್‌ಬಿಐ ಸುತ್ತೋಲೆಯ ಲೆಕ್ಕ ಹೀಗಿದೆ: ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನ ಆದರೆ ಒಂದಿಷ್ಟು ನಿಮ್ಮ ತಲೆಗೆ. ಓಟಿಪಿ ನೀವೇ ಹೇಳಿಬಿಟ್ಟಿದ್ದರೆ? ತಿಳಿಸುವವರೆಗೆ ಹೋದದ್ದು ನಿಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅದಕ್ಕೇ ನಾಚಿಕೆಪಟ್ಟು ಮುಚ್ಚಿಡಬೇಡಿ.

ಇನ್ನು, ಯಾವ ಮೆಸೇಜನ್ನೂ ಅಳಿಸಬೇಡಿ. ಕೋಪದಲ್ಲಿ ಚಾಟ್ ಡಿಲೀಟ್ ಮಾಡಿ ನಂಬರ್ ಬ್ಲಾಕ್ ಮಾಡುವವರೇ ಜಾಸ್ತಿ. ಸಾಕ್ಷಿ ಅದರಲ್ಲೇ ಇರುತ್ತದಲ್ವಾ?

ಠಾಣೆಗೆ ಹೋಗುವಾಗ ಜಿಲ್ಲೆಯ ಸೆನ್ ಠಾಣೆ ಹುಡುಕಿಕೊಂಡು ಹೋದರೆ ಒಳ್ಳೆಯದು. ಸೈಬರ್, ಆರ್ಥಿಕ, ಮಾದಕ ವಸ್ತು ಕೇಸುಗಳನ್ನು ನೋಡುವವರು ಅವರೇ. ಆದರೆ ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಅಂತ ಯಾವ ಠಾಣೆಯವರೂ ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಜೀರೋ ಎಫ್‌ಐಆರ್, ಅಂದರೆ ವ್ಯಾಪ್ತಿ ನೋಡದೆ ದಾಖಲಿಸುವ ಎಫ್‌ಐಆರ್ ಆಗಬೇಕು. ದೂರನ್ನು ಠಾಣೆಗೆ ಆನ್‌ಲೈನ್‌ನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಿ. ಐಟಿ ಕಾಯ್ದೆಯ ಅಪರಾಧದ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ.

ಸೆಕ್ಷನ್‌ಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಎರಡು ಮೂರು ಗೊತ್ತಿದ್ದರೆ ಸಾಕು. ಬೇರೆಯವರ ಪಾಸ್‌ವರ್ಡ್ ಬಳಸಿದರೆ ಐಟಿ ಕಾಯ್ದೆಯ 66ಸಿ, ಬೇರೆಯವರ ವೇಷದಲ್ಲಿ ಮೋಸ ಮಾಡಿದರೆ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು. ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಫೋಟೊ ತೆಗೆದರೆ, ಹಂಚಿದರೆ 66ಇ. ಹಳೆಯ 420 ಈಗ ನ್ಯಾಯ ಸಂಹಿತೆಯ 318. ಪೊಲೀಸರ ವೇಷದಲ್ಲಿ ವಿಡಿಯೊ ಕಾಲ್ ಮಾಡಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ.

ಇಷ್ಟಕ್ಕೂ ನಮ್ಮ ನಂಬರ್ ಕಳ್ಳರಿಗೆ ಸಿಗುವುದು ಹೇಗೆ? ನಾವು ಕಂಡಕಂಡಲ್ಲಿ ಕೊಟ್ಟಿರುತ್ತೇವೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು 2017ರ ಆಗಸ್ಟ್ 24ರಂದು. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡೇಟಾ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು. ಡೇಟಾ ಕಾಪಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ‘ನನ್ನ ಮಾಹಿತಿ ಅಳಿಸಿ’ ಅಂತ ಕೇಳುವ ಹಕ್ಕು ಪೂರ್ತಿ ಕೈಗೆ ಸಿಗಲು 2027ರ ಮೇ ತಿಂಗಳವರೆಗೆ ಕಾಯಬೇಕು. ಕಂಪನಿಗಳಿಗೆ ಇಷ್ಟು ಸಮಯ ಕೊಟ್ಟಿದ್ದು ಜಾಸ್ತಿಯೇ ಆಯಿತು.

ಅಲ್ಲಿಯವರೆಗೆ ಅಂಗಡಿಯ ಕೌಂಟರ್‌ನಲ್ಲಿ ‘ನಂಬರ್ ಹೇಳಿ ಮೇಡಂ’ ಅಂದರೆ, ‘ಬೇಡ, ಬಿಲ್ ಕೊಡಿ’ ಅನ್ನಿ. ನಂಬರ್‌ಗಾಗಿ ಒತ್ತಾಯಿಸಬಾರದು ಅಂತ ಗ್ರಾಹಕ ವ್ಯವಹಾರ ಸಚಿವಾಲಯ 2023ರಲ್ಲೇ ಅಂಗಡಿಯವರಿಗೆ ಹೇಳಿದೆ. ನಾನು ಹೋದ ವಾರ ಹಾಗೇ ಮಾಡಿದೆ. ಹುಡುಗ ಒಂದು ಕ್ಷಣ ನೋಡಿದ, ಹತ್ತು ಸೊನ್ನೆ ಒತ್ತಿ ಬಿಲ್ ಹರಿದು ಕೊಟ್ಟ.