ಗುರುವಿನಂಥ ಗೆಳೆಯರು ತೀರಿಹೋದಾಗ: ನೆನಪನ್ನು ಕಾಯ್ದಿಡುವ ಬಗೆ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹಿರಿಯರೊಬ್ಬರು ತೀರಿಕೊಂಡರೆ ಕೆಲವೇ ದಿನಗಳಲ್ಲಿ ನುಡಿನಮನದ ಸಭೆ ಸೇರುತ್ತದೆ. ಭಾವಚಿತ್ರಕ್ಕೆ ಹಾರ ಹಾಕುತ್ತಾರೆ, ಹತ್ತು ಹನ್ನೆರಡು ಜನ ಮಾತನಾಡುತ್ತಾರೆ, ಎರಡು ನಿಮಿಷ ಮೌನ ಆಚರಿಸಿ ಎಲ್ಲರೂ ಮನೆಗೆ ಮರಳುತ್ತಾರೆ. ಸರಳ ಸಜ್ಜನ, ಅಜಾತಶತ್ರು, ತುಂಬಲಾರದ ನಷ್ಟ ಎಂದು ಅಲ್ಲಿ ಆಡುವ ಮಾತುಗಳು ಸುಳ್ಳಲ್ಲ. ಆದರೆ ಯಾರ ಬಗ್ಗೆಯಾದರೂ ಆಡಬಹುದಾದ ಮಾತುಗಳಾದ್ದರಿಂದ ಅವುಗಳಲ್ಲಿ ಆ ಮನುಷ್ಯರು ಕಾಣಿಸುವುದಿಲ್ಲ. ಹುಬ್ಬಳ್ಳಿಯ ಮುದ್ರಣಾಲಯಗಳಲ್ಲಿ ಜೀವಮಾನವಿಡೀ ಕರಡು ತಿದ್ದಿದ, ನನಗೂ ನನ್ನಂಥ ಹಲವರಿಗೂ ಕನ್ನಡ ಬರೆಯಲು ಕಲಿಸಿದ ಗೆಳೆಯರೊಬ್ಬರು ಮೂರು ವರ್ಷಗಳ ಹಿಂದೆ ಹೋದರು. ಅವರ ನೆನಪನ್ನು ಹಿಡಿದಿಡಲು ಹೊರಟಾಗ ನಾನು ಎಡವಿದ್ದು ಎಲ್ಲಿ, ಕೈಹಿಡಿದದ್ದು ಯಾವುದು ಎಂಬುದನ್ನು ಇಂಥ ಕೆಲಸ ಕೈಗೊಳ್ಳುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು, ನುಡಿನಮನದ ಸಭೆಗೆ ಹೋಗುವುದಕ್ಕೂ ಮುಂಚೆ, ನಿಮ್ಮ ನೆನಪನ್ನು ನೀವು ಬರೆದಿಟ್ಟುಕೊಳ್ಳಿ. ನಾಲ್ಕು ಜನರ ಮಾತು ಕೇಳಿದ ಮೇಲೆ ನಮ್ಮ ನೆನಪು ಅವರ ನೆನಪಿನೊಂದಿಗೆ ಬೆರೆತುಹೋಗುತ್ತದೆ. ನಾವು ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಆಮೇಲೆ ಬೇರ್ಪಡಿಸುವುದು ಕಷ್ಟ. ಗುಣವಾಚಕಗಳನ್ನು ಬರೆಯಬೇಡಿ, ಪ್ರಸಂಗಗಳನ್ನು ಬರೆಯಿರಿ. ‘ಅವರು ಬಹಳ ಕರುಣಾಳು’ ಎಂದು ಬರೆಯಲು ಕೈ ಹೋದಾಗಲೆಲ್ಲ ಅವರು ಕರುಣೆ ತೋರಿದ ಒಂದು ದಿನವನ್ನು ನೆನಪಿಸಿಕೊಂಡು, ಆ ದಿನ ಯಾರು ಏನು ತಪ್ಪು ಮಾಡಿದ್ದರು, ಅವರು ಏನೆಂದರು, ಎಲ್ಲಿ ಕುಳಿತಿದ್ದರು ಎಂಬುದನ್ನಷ್ಟೇ ಬರೆಯಬೇಕು. ಅವರ ಮಾತನ್ನು ಅವರು ಆಡಿದ ಹಾಗೆಯೇ ಬರೆಯಬೇಕು, ಗ್ರಂಥಸ್ಥ ಭಾಷೆಗೆ ತಿರುಗಿಸಬಾರದು. ‘ಗಡಬಡಿ ಮಾಡಬ್ಯಾಡ್ರಿ, ಇನ್ನೊಮ್ಮೆ ಓದ್ರಿ’ ಎಂದು ನಮ್ಮ ಗೆಳೆಯರು ಹೇಳುತ್ತಿದ್ದುದನ್ನು ‘ಅವಸರ ಬೇಡ, ಮತ್ತೊಮ್ಮೆ ಓದಿರಿ’ ಎಂದು ಬರೆದರೆ ಅರ್ಥ ಉಳಿದೀತು, ಅವರ ದನಿ ಉಳಿಯುವುದಿಲ್ಲ.

ಎರಡನೆಯದು ಅವರ ಮೇಜು. ಇದರಲ್ಲಿ ತಡ ಮಾಡಿ ನಾನು ಕಳೆದುಕೊಂಡದ್ದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ. ಹದಿಮೂರನೆಯ ದಿನದ ಕಾರ್ಯವಾಗಲಿ, ಶಿವಗಣಾರಾಧನೆಯಾಗಲಿ ಮುಗಿದ ಮೇಲೆ ಮನೆಯವರು ಕೋಣೆಯನ್ನು ತೆರವು ಮಾಡುವುದು ಸಹಜ. ಅವರ ದುಃಖದ ನಡುವೆ ಕಾಗದದ ಮಾತು ಎತ್ತಬಾರದೆಂದು ನಾನು ಸುಮ್ಮನಿದ್ದೆ; ಎರಡು ತಿಂಗಳ ನಂತರ ಹೋಗಿ ಕೇಳುವಷ್ಟರಲ್ಲಿ ಹಳೆಯ ಕರಡಿನ ಒಂದು ದೊಡ್ಡ ಗಂಟು ರದ್ದಿ ಅಂಗಡಿ ಸೇರಿತ್ತು. ಅವರಿಗೆ ಅದು ಹಳೆಯ ಕಾಗದವಾಗಿತ್ತು, ಅದರ ಬೆಲೆಯನ್ನು ತಿಳಿಸಿ ಹೇಳಬೇಕಾಗಿದ್ದವನು ನಾನು. ಹೀಗಾಗಿ ಮಾತನಾಡಿಸಲು ಹೋದ ಮೊದಲ ದಿನವೇ, ‘ಕಾಗದ ಪತ್ರ ಯಾವುದನ್ನೂ ಸದ್ಯಕ್ಕೆ ಹೊರಗೆ ಹಾಕಬೇಡಿ, ಜೋಡಿಸುವ ಕೆಲಸಕ್ಕೆ ನಾವು ಬರುತ್ತೇವೆ’ ಎಂದಷ್ಟು ಮೆಲ್ಲಗೆ ಹೇಳಿಬರಬೇಕು. ಅವರ ಅನುಮತಿ ಪಡೆದು, ಮೇಜಿನ ಮೇಲಿನ ಒಂದು ವಸ್ತುವನ್ನೂ ಕದಲಿಸದೆ, ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಬೇಕು. ನಿಘಂಟಿನ ಯಾವ ಸಂಪುಟ ಕೈಗೆಟುಕುವಲ್ಲಿತ್ತು, ಕನ್ನಡಕ ಯಾವ ಪುಟದ ಮೇಲಿತ್ತು ಎಂಬುದು ಜೋಡಿಸಿದ ಮೇಲೆ ಮತ್ತೆ ಸಿಗುವುದಿಲ್ಲ.

ಸಿಕ್ಕ ಕಾಗದಗಳನ್ನು ಉಳಿಸಿಕೊಳ್ಳುವುದು ದೊಡ್ಡ ವಿದ್ಯೆಯೇನಲ್ಲ, ಆದರೆ ತಾಳ್ಮೆ ಬೇಡುತ್ತದೆ. ಗುಂಡುಸೂಜಿ ಮತ್ತು ಸ್ಟೇಪಲ್ ಪಿನ್ನುಗಳು ತುಕ್ಕು ಹಿಡಿದು ಕಾಗದವನ್ನು ತಿನ್ನುವುದರಿಂದ ಅವನ್ನು ಮೊದಲು ಬಿಡಿಸಬೇಕು. ಹರಿದ ಇನ್‌ಲ್ಯಾಂಡ್ ಪತ್ರಗಳಿಗೆ ಸೆಲ್ಲೋಟೇಪ್ ಹಚ್ಚಲೇಬಾರದು, ಏಕೆಂದರೆ ಕೆಲವು ವರ್ಷಗಳಲ್ಲಿ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೇ ನುಂಗಿಬಿಡುತ್ತದೆ. ಧಾರವಾಡದ ಮಳೆಗಾಲದ ತೇವ ಕಾಗದಕ್ಕೂ ಕ್ಯಾಸೆಟ್ಟಿಗೂ ಶತ್ರುವಾದ್ದರಿಂದ ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಿ ಇಡಬಾರದು, ನೆಲದ ಮೇಲೆ ಅಂತೂ ಇಡಲೇಬಾರದು. ಫೋಟೋಗಳ ಹಿಂಭಾಗದಲ್ಲಿ ಚಿತ್ರದಲ್ಲಿರುವವರ ಹೆಸರನ್ನು ಮೆತ್ತನೆಯ ಪೆನ್ಸಿಲ್ಲಿನಿಂದ, ಒತ್ತದೆ, ಬರೆಯಬೇಕು. ಗುರುತಿಸಬಲ್ಲ ಹಿರಿಯರು ಇರುವಾಗಲೇ ಇದು ಆಗಬೇಕು. ಸ್ಕ್ಯಾನ್ ಮಾಡುವಾಗ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಟ್ಟುಕೊಂಡರೆ ಮುಂದೆ ಪುಸ್ತಕದಲ್ಲಿ ಅಚ್ಚು ಹಾಕಲು ಬರುತ್ತದೆ. ಅವರ ದನಿಯಿರುವ ಕ್ಯಾಸೆಟ್ ಸಿಕ್ಕರೆ, ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಆಗ ಕೈತಪ್ಪಿಯೂ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ; ಬೂಷ್ಟು ಕಂಡರೆ ಮಾತ್ರ ಹಾಕಿ ನೋಡುವ ಆಸೆಯನ್ನು ತಡೆದುಕೊಂಡು ತಿಳಿದವರ ಕೈಗೆ ಒಪ್ಪಿಸಿ. ಗಣಕೀಕರಿಸಿದ ಎಲ್ಲದಕ್ಕೂ ಮೂರು ಪ್ರತಿ ಇರಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿರಲಿ.

ಇನ್ನು ಬೇರೆಯವರ ನೆನಪನ್ನು ಕೇಳುವ ಕೆಲಸ. ಸಭೆಯಲ್ಲಿ ಮಾತನಾಡಿದವರ ಬಳಿಗೆ ಎಲ್ಲರೂ ಹೋಗುತ್ತಾರೆ. ನೀವು ಮಾತನಾಡದವರ ಬಳಿಗೆ ಹೋಗಬೇಕು. ನಮ್ಮ ಗೆಳೆಯರ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ದೊರೆತದ್ದು ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಳೆಯ ಕಂಪೋಜಿಟರ್ ಒಬ್ಬರಿಂದ. ‘ಅವರು ಹೇಗಿದ್ದರು?’ ಎಂದು ಕೇಳಿದರೆ ‘ದೇವರಂಥವರು’ ಎಂಬ ಉತ್ತರ ಬಂದು ಮಾತು ಅಲ್ಲಿಗೆ ನಿಂತುಬಿಡುತ್ತದೆ. ‘ನೀವು ತಪ್ಪು ಮಾಡಿದಾಗ ಅವರು ಏನು ಮಾಡುತ್ತಿದ್ದರು?’ ಎಂದು ಕೇಳಿದಾಗ ಆ ಹಿರಿಯರು ಎದ್ದುನಿಂತು, ನಮ್ಮ ಗೆಳೆಯರು ಕುರ್ಚಿಯಿಂದ ಎದ್ದು ಮೊಳೆಗಳ ಕೇಸಿನವರೆಗೆ ನಡೆದು ಬಂದು, ಬೇರೆ ಕೆಲಸಗಾರರಿಗೆ ಕೇಳದ ಹಾಗೆ ಕಿವಿಯ ಹತ್ತಿರ ತಪ್ಪನ್ನು ಹೇಳಿ ಹೋಗುತ್ತಿದ್ದುದನ್ನು ಮಾಡಿಯೇ ತೋರಿಸಿದರು. ಆ ನಾಲ್ಕು ಹೆಜ್ಜೆಯನ್ನು ಯಾವ ಭಾಷಣದಲ್ಲಿಯೂ ನಾನು ಕೇಳಿರಲಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲು ಒಪ್ಪಿಗೆ ಕೇಳಿ, ಫ್ಯಾನ್ ಆರಿಸಿ, ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ಮಡಚಿದ ಟವೆಲಿನ ಮೇಲೆ ಇಡಿ. ಆರಂಭದಲ್ಲಿ ದಿನಾಂಕ, ಊರು, ಮಾತನಾಡುವವರ ಹೆಸರನ್ನು ನೀವೇ ಹೇಳಿ. ಅವರು ಕಣ್ಣೀರು ತಂದುಕೊಂಡು ಸುಮ್ಮನಾದರೆ ನೀವೂ ಸುಮ್ಮನಿರಿ, ಮುಂದಿನ ಪ್ರಶ್ನೆಗೆ ಓಡಬೇಡಿ.

ಬರೆಯಲು ಕುಳಿತಾಗ ನೆನಪನ್ನು ಕಾಗದದೊಂದಿಗೆ ತಾಳೆ ನೋಡಬೇಕು. ನನ್ನ ಮೊದಲ ಕಥೆಯ ಕರಡನ್ನು ಅವರು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟಿದ್ದರೆಂದು ನಾನು ಎಲ್ಲರೆದುರು ಹೇಳುತ್ತ ಬಂದಿದ್ದೆ. ಉಳಿದಿದ್ದ ಗಂಟಿನಲ್ಲಿ ಆ ಕರಡೇ ಸಿಕ್ಕಿತು, ಅದರಲ್ಲಿ ಕೆಂಪು ಎಲ್ಲಿಯೂ ಇರಲಿಲ್ಲ. ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳನ್ನು ಅವರು ನೀಲಿ ಶಾಯಿಯಲ್ಲಿ ತಿದ್ದಿದ್ದರು. ವಾಕ್ಯ ಅಥವಾ ಪದ ಸರಿಬಾರದ ಕಡೆ ಮಾತ್ರ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಕಾಗುಣಿತದ ತಪ್ಪು ತಪ್ಪೇ, ಅದಕ್ಕೆ ಶಾಯಿ. ಪದದ ಆಯ್ಕೆ ಬರೆದವನ ಹಕ್ಕು, ಅವನಿಗೆ ಬೇಡವಾದರೆ ಅಳಿಸಿಕೊಳ್ಳಲಿ ಎಂದು ಪೆನ್ಸಿಲ್. ಹದಿನಾಲ್ಕು ಪುಟಗಳಲ್ಲಿ ಅಂಥ ಮೂವತ್ತೊಂದು ಚಿಹ್ನೆಗಳನ್ನು ಎಣಿಸಿದೆ. ಇಪ್ಪತ್ತರ ಹುಡುಗನೊಬ್ಬನ ಹಕ್ಕನ್ನು ಅಷ್ಟು ಸಲ ಗೌರವಿಸಿದ್ದರೆಂಬುದು ಅವರು ಹೋದ ಮೇಲೆ ನನಗೆ ತಿಳಿಯಿತು.

ಬರಹದಲ್ಲಿ ಅವರ ದೌರ್ಬಲ್ಯವನ್ನು ಮುಚ್ಚಿಡುವ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ. ಮನೆಯೊಳಗಿನ ಸಂಗತಿ ಮತ್ತು ಕಾಯಿಲೆಯ ವಿವರವನ್ನು ಮಾತ್ರ ಮನೆಯವರು ಒಪ್ಪಿದಷ್ಟೇ ಬರೆಯಬೇಕು. ಪತ್ರಗಳನ್ನು ಪ್ರಕಟಿಸುವಾಗ ಕಾನೂನಿನ ಒಂದು ಸಂಗತಿ ತಿಳಿದಿರಲಿ: ನಿಮಗೆ ಬಂದ ಪತ್ರದ ಕಾಗದ ನಿಮ್ಮದಾದರೂ ಅದರಲ್ಲಿನ ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಆ ಹಕ್ಕು ನಡೆಯುತ್ತದೆ; ಅವರು ಇರುವಾಗ ಪ್ರಕಟವಾಗದ ಬರಹಕ್ಕಾದರೆ, ಅದು ಮೊದಲು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. ಆದ್ದರಿಂದ ಸಂಸ್ಮರಣ ಗ್ರಂಥಕ್ಕೆ ಮನೆಯವರ ಒಪ್ಪಿಗೆಯನ್ನು ಲಿಖಿತವಾಗಿಯೇ ಪಡೆಯಬೇಕು.

ವರ್ಷದ ಪುಣ್ಯಸ್ಮರಣೆಯ ಸಭೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂವರು ಮಾತನಾಡಿದರೆ ಸಾಕು, ಉಳಿದ ಹೊತ್ತು ಅವರ ಪತ್ರಗಳನ್ನು, ಬರಹವನ್ನು ಗಟ್ಟಿಯಾಗಿ ಓದಬೇಕು.

ದೀರ್ಘಕಾಲ ಉಳಿಯುವ ಸ್ಮರಣೆ ಹೇಗಿರಬೇಕೆಂಬುದಕ್ಕೆ ನಮ್ಮ ಸೀಮೆಯಲ್ಲಿ ದೂರ ಹುಡುಕಬೇಕಾಗಿಲ್ಲ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ‘ಮೃತ್ಯುಂಜಯ’ ಮನೆ ಸ್ಮಾರಕವಾಗಿ ಉಳಿದಿದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅಗಲಿದವರ ಹೆಸರಿನ ದತ್ತಿ ಉಪನ್ಯಾಸಗಳು ನಡೆಯುತ್ತವೆ. ನಾಲ್ಕು ಶಿಷ್ಯರು ಕೂಡಿ ಹಣ ಹೊಂದಿಸಬಲ್ಲರಾದರೆ ದತ್ತಿ ಒಳ್ಳೆಯ ದಾರಿಯೇ. ಕುಂದಗೋಳದ ಗಾಯಕ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು, ಅವರ ಶಿಷ್ಯ ಭೀಮಸೇನ ಜೋಶಿಯವರು ಮರುವರ್ಷವೇ ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವ ಆರಂಭಿಸಿದರು. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಗದಗಿನ ಉದಾಹರಣೆ. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ, ಅಂಧ ಮತ್ತು ಅನಾಥ ಮಕ್ಕಳಿಗೆ ಸಂಗೀತ ಕಲಿಸುವ ಗುರುವಿನ ಕೆಲಸವನ್ನೇ ನಡೆಸಿದರು.

ನಮ್ಮ ಶಕ್ತಿ ಅಷ್ಟಿಲ್ಲ, ಆದರೆ ಮಾಡಬಹುದಾದ ಬಗೆ ಅದೇ. ಅವರು ನಿಮಗೆ ಕಲಿಸಿದ್ದರಲ್ಲಿ ಕೈಯಿಂದ ಮಾಡುವ ಒಂದು ಕೆಲಸವನ್ನು ಆರಿಸಿಕೊಂಡು, ಅವರು ಮಾಡುತ್ತಿದ್ದ ಕ್ರಮದಲ್ಲಿಯೇ, ಅವರನ್ನು ಕಂಡಿರದ ಒಬ್ಬ ಕಿರಿಯರಿಗೆ ಕಲಿಸಿರಿ. ನಮ್ಮ ಮನೆಗೆ ಪ್ರತಿ ಶನಿವಾರ ಸಂಜೆ ಇಬ್ಬರು ಬರುತ್ತಾರೆ. ನಮ್ಮ ಗೆಳೆಯರು ಕಲಿಸಿದಂತೆ ಒಬ್ಬರು ಮೂಲ ಪ್ರತಿಯನ್ನು ಅಲ್ಪವಿರಾಮ, ಪೂರ್ಣವಿರಾಮ ಸಹಿತ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟುಕೊಂಡು ಕರಡು ನೋಡುತ್ತಾರೆ. ಕಳೆದ ವಾರ ಈ ಲೇಖನದ ಕರಡನ್ನೇ ಅವರ ಮುಂದಿಟ್ಟೆ. ಹಾವೇರಿಯಿಂದ ಓದಲು ಬಂದಿರುವ ಹುಡುಗಿ ನೀಲಿ ಪೆನ್ನನ್ನು ಎರಡು ಸಲ ಕೈಗೆತ್ತಿಕೊಂಡಳು. ಮೂರನೆಯ ಪುಟಕ್ಕೆ ಬಂದಾಗ ಅದನ್ನು ಕೆಳಗಿಟ್ಟು, ಪೆನ್ಸಿಲ್ ತೆಗೆದುಕೊಂಡು, ನಾನು ಬಳಸಿದ್ದ ಒಂದು ಪದದ ಎದುರಿಗೆ ಅಂಚಿನಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.