ವಾರಕ್ಕೆ 20 ರೂಪಾಯಿ: ನಮ್ಮ ಸಭೆ ಒಂದಾದ ಬಗೆ

ನಮ್ಮ ಸಭೆಯ, ಅಂದರೆ ಚರ್ಚಿನ, ಹಾಲ್ ಮೇಲಿದ್ದ ಸಾಲ ಕಳೆದ ಸುಗ್ಗಿ ಹಬ್ಬದ ಹೊತ್ತಿಗೆ ತೀರಿತು. ಮನೆಮನೆಗೆ ಹೋಗಿ ವಾರಕ್ಕೆ 20 ರೂಪಾಯಿ ಕೂಡಿಸಿ ಆ ಸಾಲ ತೀರಿಸುವ ನೆಪದಲ್ಲಿ ನೂರಕ್ಕೂ ಜಾಸ್ತಿ ಮನೆಗಳು ಒಂದು ಸಭೆಯಾದವು. "ಇದು ಚೀಟಿ ವ್ಯವಹಾರ ಆಗುತ್ತೆ, ಆರು ತಿಂಗಳೂ ನಡೆಯಲ್ಲ" ಅಂದಿದ್ದವರೇ ಈಗ ತಮ್ಮ ಬೀದಿಯ ನೋಟ್‌ಬುಕ್ ಹಿಡಿದು ಓಡಾಡುತ್ತಿದ್ದಾರೆ. ಅಕ್ಕಪಕ್ಕದ ಸಭೆಗಳ ಕಾರ್ಯದರ್ಶಿಗಳು, ಖಜಾಂಚಿಗಳು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ನಮ್ಮದು ತುಮಕೂರು ಕಡೆಯ ಒಂದು ತಾಲೂಕು ಊರು. ಇಂಗ್ಲೆಂಡಿನಿಂದ ಬಂದ ವೆಸ್ಲಿಯನ್ ಮಿಷನ್ ಕಾಲದ ಹಳೇ ಸಭೆ, 1947ರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು. ರಿಜಿಸ್ಟರಿನಲ್ಲಿ 110 ಮನೆ. ಭಾನುವಾರ ಆರಾಧನೆಗೆ ಬರುತ್ತಿದ್ದದ್ದು ಅರವತ್ತು, ಎಪ್ಪತ್ತು ಜನ. ಕ್ರಿಸ್‌ಮಸ್‌ಗೆ ನಿಲ್ಲಲೂ ಜಾಗ ಇರುತ್ತಿರಲಿಲ್ಲ. ಜನವರಿ ಎರಡನೇ ಭಾನುವಾರಕ್ಕೆ ಹಿಂದಿನ ಬೆಂಚುಗಳೆಲ್ಲ ಖಾಲಿ. ನಿಮ್ಮಲ್ಲೂ ಹೀಗೇ ಅಲ್ವಾ?

ಮೊದಲು ಏನೇನು ಮಾಡಿ ದುಡ್ಡು ಕಳೆದೆವು ಅನ್ನೋದನ್ನ ಹೇಳುತ್ತೇನೆ. ಬೇರೆಯವರಿಗಾದರೂ ಆ ದುಡ್ಡು ಉಳಿಯಲಿ.

ಜನರ ಭಕ್ತಿ ಮತ್ತೆ ಚಿಗುರಲಿ ಅಂತ ಮೂರು ರಾತ್ರಿಯ ಉಜ್ಜೀವನ ಕೂಟ ಮಾಡಿದೆವು. ಶಾಮಿಯಾನ, ಮೈಕ್ ಸೆಟ್, ಪ್ರಸಂಗಿಯವರ ಕಾರು, ಊಟ ಎಲ್ಲ ಸೇರಿ ಹೆಚ್ಚುಕಮ್ಮಿ 1.4 ಲಕ್ಷ ಆಯಿತು. ಜನ ಬಂದರು, ಅತ್ತರು, ಕೈ ಎತ್ತಿದರು. ಮುಂದಿನ ಭಾನುವಾರ ಎಣಿಸಿದರೆ ಅದೇ ಎಪ್ಪತ್ತು. ಆಮೇಲೆ ನಲವತ್ತು ಜನರನ್ನು ಬಸ್ಸಿನಲ್ಲಿ ಎರಡು ದಿನದ ರಿಟ್ರೀಟ್‌ಗೆ, ಅಂದರೆ ಊರು ಬಿಟ್ಟು ಹೋಗಿ ಮಾಡುವ ಪ್ರಾರ್ಥನಾ ಶಿಬಿರಕ್ಕೆ, ಕರೆದುಕೊಂಡು ಹೋದೆವು. ಅದಕ್ಕೊಂದು 70 ಸಾವಿರ. ಹೋಗಿ ಬಂದವರು ತಮ್ಮತಮ್ಮಲ್ಲಿ ತುಂಬಾ ಹತ್ತಿರವಾದರು. ಉಳಿದವರಿಗೆ "ಅವರದ್ದೇ ಒಂದು ಗುಂಪು" ಅನ್ನಿಸಿತು. ಮೊದಲೇ ಇದ್ದ ಎರಡು ಗುಂಪಿಗೆ ಮೂರನೆಯದು ಸೇರಿತು. ಬೈಬಲ್ ಅಧ್ಯಯನದ ಪುಸ್ತಕ 200 ಪ್ರತಿ ಅಚ್ಚು ಹಾಕಿಸಿದೆವು, 14 ಸಾವಿರ. ಅರ್ಧಕ್ಕಿಂತ ಜಾಸ್ತಿ ಇನ್ನೂ ವೆಸ್ಟ್ರಿಯ (ಚರ್ಚಿನ ಪಕ್ಕದ ಕೋಣೆಯ) ಬೀರುವಿನಲ್ಲಿದೆ.

ವಾಟ್ಸಾಪ್ ಗುಂಪಿಗೆ ಖರ್ಚಿಲ್ಲ. ಆದರೆ ನಷ್ಟ ಅದರಿಂದಲೇ ದೊಡ್ಡದಾಯಿತು. ಬೆಳಗ್ಗೆ ಎದ್ದರೆ ವಾಕ್ಯದ ಚಿತ್ರ, ಅದರ ಕೆಳಗೆ ನಲವತ್ತು ಜನರ ಕೈಮುಗಿದ ಗುರುತು. ಸಭೆಯ ಆಡಳಿತ ನೋಡುವ ಪಾಸ್ಟೊರೇಟ್ ಕಮಿಟಿಯ ಎಲೆಕ್ಷನ್ ಹತ್ತಿರ ಬಂದಾಗ ಅದೇ ಗುಂಪಿನಲ್ಲಿ ಜಗಳ ಶುರುವಾಯಿತು. ಎದುರಿಗೆ ನಿಂತು ಆಡದ ಮಾತನ್ನೆಲ್ಲ ಜನ ಅಲ್ಲಿ ಬರೆದರು. ಗುಂಪು ಬಿಟ್ಟು ಹೋದ ಕೆಲವು ಮನೆಯವರು ಭಾನುವಾರ ಬರೋದನ್ನೂ ಬಿಟ್ಟರು.

ಇನ್ನು ಮನೆ ಪ್ರಾರ್ಥನೆ. ಇದು ಎಲ್ಲರಿಗೂ ಗೊತ್ತಿರುವ ದಾರಿ, ಶುರುವಿನಲ್ಲಿ ಚೆನ್ನಾಗಿಯೇ ನಡೆಯಿತು. ಮೊದಲ ಮನೆಯಲ್ಲಿ ಟೀ, ಬಿಸ್ಕತ್ತು. ನಾಲ್ಕನೇ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು. ಹತ್ತನೇ ಮನೆಗೆ ಬರುವಷ್ಟರಲ್ಲಿ ಚಿಕನ್ ಪಲಾವ್. ಕೂಲಿ ಮಾಡೋ ಮನೆಯವರು "ಈ ತಿಂಗಳು ಬೇಡ, ಮುಂದಿನ ತಿಂಗಳು ನೋಡೋಣ" ಅನ್ನಲು ಶುರು ಮಾಡಿದರು. ಯಾಕೆ ಅಂತ ಕೇಳುವ ಅಗತ್ಯ ಇರಲಿಲ್ಲ. ಕೊನೆಗೆ ಹದಿನೈದು, ಇಪ್ಪತ್ತು ಅನುಕೂಲಸ್ಥ ಮನೆಗಳಲ್ಲೇ ಪ್ರಾರ್ಥನೆ ಸುತ್ತುತ್ತಿತ್ತು.

ಇಷ್ಟೆಲ್ಲ ಆಗೋ ಹೊತ್ತಿಗೆ ಹಾಲ್‌ನ ಮಾಡು ಸೋರಿ, ಬೇರೆ ಹಾಕಿಸಿ, ಕಂಟ್ರಾಕ್ಟರ್‌ಗೆ 2.7 ಲಕ್ಷ ಬಾಕಿ ನಿಂತಿತ್ತು. ನಾನು ಖಜಾಂಚಿ. ನಾಲ್ಕು ದೊಡ್ಡ ಮನೆಯವರ ಹತ್ತಿರ ಕೇಳಿದರೆ ಒಂದು ತಿಂಗಳಲ್ಲಿ ತೀರಿಹೋಗುವ ಸಾಲ. ಎಲ್ಲರೂ ಹೇಳಿದ್ದೂ ಅದನ್ನೇ. ನಾನು ಬೇಡ ಅಂದೆ.

ನನ್ನ ತಲೆಯಲ್ಲಿ ಇದ್ದದ್ದು ಬ್ರಿಸ್ಟಲ್ ಕಥೆ. ನಮ್ಮ ಸಭೆಯ ಬೇರು ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯವರ ಕಡೆಯದು, ಆದರೂ ಇದನ್ನ ನಮ್ಮವರು ಯಾರೂ ಹೇಳೋದೇ ಇಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಲ್ಲಿ ಅವರ ಕೂಟದ ಮನೆ ಮೇಲೆ ಸಾಲ ಇತ್ತು. ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಅಂತ ಮಾತಾಯಿತು. ಬಡವರು ಎಲ್ಲಿಂದ ತರುತ್ತಾರೆ ಅಂತ ಯಾರೋ ಕೇಳಿದರು. ಅಲ್ಲಿದ್ದ ಕ್ಯಾಪ್ಟನ್ ಫಾಯ್ ಅನ್ನುವವರು ತೀರಾ ಬಡವರಾದ ಹನ್ನೊಂದು ಜನರನ್ನ ನನಗೆ ಕೊಡಿ, ವಾರವಾರ ನಾನೇ ಅವರ ಹತ್ತಿರ ಹೋಗ್ತೀನಿ, ಅವರ ಕೈಲಿ ಆಗದಿದ್ದರೆ ನಾನೇ ಹಾಕ್ತೀನಿ ಅಂದರು. ಹೀಗೆ ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಆ ಮನೆಗಳಲ್ಲಿ ಯಾರು ಹೇಗಿದ್ದಾರೆ ಅನ್ನೋದು ಕಣ್ಣಿಗೆ ಬಿತ್ತು. ಮೆಥಡಿಸ್ಟರ ಕ್ಲಾಸ್ ಮೀಟಿಂಗ್ ಅನ್ನುವ ಸಣ್ಣ ಗುಂಪಿನ ಕೂಟ ಹುಟ್ಟಿದ್ದು ಹಾಗೆ, ಸಾಲ ವಸೂಲಿಯಿಂದ.

ನಮಗೂ ಸಾಲ ಇದೆ, ನಾವೂ ಹಾಗೇ ಮಾಡೋಣ ಅಂದೆ. ಕಮಿಟಿಯಲ್ಲಿ ಯಾರಿಗೂ ಹಿಡಿಸಲಿಲ್ಲ. ನಮ್ಮ ಹಿಂದಿನ ಕಾರ್ಯದರ್ಶಿ, ರಿಟೈರ್ಡ್ ಮೇಷ್ಟ್ರು, "ನೋಡಪ್ಪಾ, ದೇವರ ಹೆಸರಲ್ಲಿ ಬಡ್ಡಿಯವರ ಥರ ಮನೆ ಬಾಗಿಲಿಗೆ ಹೋಗೋದಾ?" ಅಂದರು. ನಮ್ಮ ಪಾಸ್ಟರ್ ಅಯ್ಯನವರು ಮಾತ್ರ "ಮೂರು ಬೀದಿಯಲ್ಲಿ ಮಾಡಿ ನೋಡಿ" ಅಂದರು. ಅಷ್ಟು ಸಾಕಾಗಿತ್ತು.

ಮನೆಗಳನ್ನು ಬೀದಿ ಪ್ರಕಾರ ಹಂಚಿದೆ. ಒಂದು ಗುಂಪಿಗೆ ಒಂಬತ್ತು, ಹತ್ತು ಮನೆ. ನೆಂಟಸ್ತನ, ಕಮಿಟಿ ಪಾರ್ಟಿ ಯಾವುದನ್ನೂ ನೋಡಲಿಲ್ಲ. ಲೀಡರ್ ಅದೇ ಬೀದಿಯವರಾಗಿರಬೇಕು, ಕಮಿಟಿಯಲ್ಲಿ ಇರಬಾರದು. ಮೊದಲ ಮೂವರಲ್ಲಿ ಒಬ್ಬರು ಅಂಗನವಾಡಿ ಟೀಚರ್, ಒಬ್ಬ ಟೈಲರ್, ಒಬ್ಬರು ಆಸ್ಪತ್ರೆಯ ಆಯಾ. ಮೂವರೂ ಸಭೆಯಲ್ಲಿ ಎದ್ದು ನಿಂತು ಪ್ರಾರ್ಥನೆ ಮಾಡಿದವರಲ್ಲ. ಅಂಥವರೇ ಬೇಕು. ಚೆನ್ನಾಗಿ ಮಾತಾಡುವವರನ್ನು ಹಾಕಿದ ಕಡೆ ಆಮೇಲೆ ಬದಲಾಯಿಸಬೇಕಾಯಿತು, ಅವರು ಹೋದ ಮನೆಯಲ್ಲೆಲ್ಲ ಪ್ರಸಂಗ ಮಾಡಿ ಬರುತ್ತಿದ್ದರು.

ಮನೆಗೆ ವಾರಕ್ಕೆ 20 ರೂಪಾಯಿ. ಜಾಸ್ತಿ ಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ಅನುಕೂಲ ಇದ್ದವರಿಗೆ ಇದೇ ಕಷ್ಟವಾಯಿತು, ಒಬ್ಬರು ವರ್ಷದ ಸಾವಿರ ಚಿಲ್ಲರೆಯನ್ನು ಒಂದೇ ಸಲ ಕೊಡಲು ಬಂದರು. ವಾಪಸ್ ಕಳಿಸಿದೆ. ಶನಿವಾರ ಸಂಜೆ ಹೋಗಬೇಕು, ಕೂತು ಹತ್ತು ನಿಮಿಷ ಮಾತಾಡಬೇಕು, ದುಡ್ಡಿನ ಮಾತು ಏಳುವಾಗ. ಇಲ್ಲ ಅಂದವರ ಹೆಸರಿನ ಮುಂದೆಯೂ ಟಿಕ್ ಬೀಳುತ್ತದೆ, ಲೀಡರ್ ತಮ್ಮ ಜೇಬಿನಿಂದ ಹಾಕುತ್ತಾರೆ. ಯಾರಿಗೆ ಹಾಕಿದರು ಅಂತ ನನಗೂ ಹೇಳುವಂತಿಲ್ಲ. ಲೀಡರ್‌ಗಳಿಗೆ ತಿಂಗಳಿಗೆ ನೂರೋ ನೂರೈವತ್ತೋ ಕೈಯಿಂದ ಹೋಗುತ್ತಿತ್ತು. ಅದೂ ಆಗದವರಿಗೆ ನಾನು ಕೊಟ್ಟೆ.

ನೋಟ್‌ಬುಕ್‌ನಲ್ಲಿ ದುಡ್ಡಿನ ಕಾಲಂ ಪಕ್ಕ ಇನ್ನೊಂದು ಸಣ್ಣ ಕಾಲಂ ಇದೆ. ಮನೆಯ ಸ್ಥಿತಿಗೆ ತಕ್ಕಂತೆ ಅದರಲ್ಲಿ ಒಂದೊಂದು ಗುರುತು. ಆ ಗುರುತುಗಳು ಏನೇನು ಅಂತ ಇಲ್ಲಿ ಬರೆಯಲ್ಲ. ನೋಟ್‌ಬುಕ್ ಕಳೆದುಹೋದರೂ ಯಾರಿಗೂ ಅರ್ಥ ಆಗಬಾರದು, ಅದಕ್ಕೆ. ನೀವು ನಿಮ್ಮದೇ ಗುರುತು ಮಾಡಿಕೊಳ್ಳಿ. ಪ್ರತಿ ಸೋಮವಾರ ಅಯ್ಯನವರು ಆ ಕಾಲಂ ನೋಡಿ, ಆ ವಾರ ಯಾವ ಮನೆಗೆ ಹೋಗಬೇಕು ಅಂತ ತೀರ್ಮಾನ ಮಾಡುತ್ತಾರೆ.

ಸ್ಟೇಷನ್ ರಸ್ತೆಯ ಒಬ್ಬ ಅಜ್ಜಿಯ ವಿಷಯ ಹೇಳಲೇಬೇಕು. ಮೂರು ನಾಲ್ಕು ವರ್ಷದಿಂದ ಸಭೆಗೆ ಬಂದಿರಲಿಲ್ಲ. "ಆ ಅಜ್ಜಿಗೆ ನಂಬಿಕೆ ತಣ್ಣಗಾಗಿದೆ" ಅಂತ ನಮ್ಮಲ್ಲಿ ಮಾತು. ಟೈಲರ್ ಜೊತೆ ಮೊದಲ ಸಲ ನಾನೂ ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸಿ, "ನಿಮ್ಮ ತಾತ ತೀರಿಕೊಂಡಾಗ ಬಂದ್ರಿ. ಆಮೇಲೆ ಯಾರಪ್ಪಾ ಬಂದ್ರಿ? ಈಗ ದುಡ್ಡಿಗೆ ಬಂದ್ರಾ?" ಅಂದರು. ಟೈಲರ್ ಏನೂ ಹೇಳಲಿಲ್ಲ. ಜಗಲಿ ಮೇಲೆ ಕೂತು ಅವರ ಹೊಲಿಗೆ ಬಿಟ್ಟಿದ್ದ ದಿಂಬಿನ ಕವರ್ ನೋಡಿ, "ಕೊಡಿ ಅಜ್ಜಿ, ಹಾಕ್ಕೊಂಡು ಬರ್ತೀನಿ" ಅಂದ. ಮುಂದಿನ ಶನಿವಾರ ಹೊಲಿದು ತಂದುಕೊಟ್ಟ. ಅಜ್ಜಿ ಸಾಸಿವೆ ಡಬ್ಬಿಯಿಂದ ಹತ್ತರ ಎರಡು ನಾಣ್ಯ ತೆಗೆದುಕೊಟ್ಟರು. ಇನ್ನೂ ಒಂದೆರಡು ವಾರ ಕಳೆದ ಮೇಲೆ ನಿಜ ಹೊರಗೆ ಬಂತು. ಚರ್ಚ್ ಬಾಗಿಲಿಗೆ ಇರುವ ಮೂರು ಮೆಟ್ಟಿಲು ಹತ್ತೋಕೆ ಅವರಿಗೆ ಮಂಡಿ ಬಿಡುತ್ತಿರಲಿಲ್ಲ. ಯಾರ ಭುಜವನ್ನಾದರೂ ಹಿಡಿಯೋಕೆ ನಾಚಿಕೆ. ಅಷ್ಟೇ.

ವೆಲ್ಡಿಂಗ್ ಅಂಗಡಿಯವನಿಗೆ ಹೇಳಿ ಮೆಟ್ಟಿಲಿಗೆ ಕಬ್ಬಿಣದ ಹಿಡಿಕೆ ಹಾಕಿಸಿದೆವು. ನಾಲ್ಕು ಸಾವಿರದ ಒಳಗೆ ಆಯಿತು. ಅಜ್ಜಿ ಬಂದರು, ಅವರ ಹಿಂದೆ ಮಂಡಿ ನೋವಿನ ಇನ್ನೂ ನಾಲ್ಕೈದು ಜನ ಬಂದರು. ಉಜ್ಜೀವನ ಕೂಟಕ್ಕೆ ಹಾಕಿದ 1.4 ಲಕ್ಷ ಒಬ್ಬರನ್ನೂ ತರಲಿಲ್ಲ. ಈ ಲೆಕ್ಕ ಕಮಿಟಿಯಲ್ಲಿ ಓದಿದ ದಿನ ಮೇಷ್ಟ್ರು ತಾವೇ ಒಂದು ಬೀದಿ ಕೇಳಿ ತೆಗೆದುಕೊಂಡರು. ಲೀಡರ್ ಆಗೋಕೆ ಅವರು ಕಮಿಟಿಗೆ ರಾಜೀನಾಮೆ ಕೊಟ್ಟರು.

ವಾರದ ಭೇಟಿ ಗಟ್ಟಿಯಾದ ಮೇಲೆ, ಸುಮಾರು ಆರು ತಿಂಗಳಿಗೆ, ತಿಂಗಳಿಗೊಮ್ಮೆ ಗುಂಪು ಒಟ್ಟಿಗೆ ಕೂರೋದನ್ನ ಶುರು ಮಾಡಿದೆವು. ಒಂದು ಕೀರ್ತನೆ, ಒಂದು ವಾಕ್ಯಭಾಗ, ಆಮೇಲೆ ಒಬ್ಬೊಬ್ಬರೂ "ಈ ತಿಂಗಳು ಏನಾಯ್ತು" ಅಂತ ಹೇಳೋದು. ಆತ್ಮಿಕ ಜೀವನ ಹೇಗಿದೆ ಅಂತ ಕೇಳಿದರೆ ಎಲ್ಲರೂ "ದೇವರ ದಯೆಯಿಂದ ಚೆನ್ನಾಗಿದೆ" ಅಂದು ಮುಗಿಸುತ್ತಾರೆ. ಏನಾಯ್ತು ಅಂತ ಕೇಳಿದರೆ ಮಗನ ಕುಡಿತ, ಕೊಳವೆಬಾವಿ ಬತ್ತಿದ್ದು, ಮಗಳ ಸೀಟಿನ ದುಡ್ಡು ಎಲ್ಲ ಹೊರಗೆ ಬರುತ್ತದೆ. ಒಬ್ಬರ ಭಾರ ಒಬ್ಬರು ಹೊರಬೇಕು ಅನ್ನುವ ವಾಕ್ಯ ಎಲ್ಲರಿಗೂ ಬಾಯಿಪಾಠ. ಭಾರ ಏನು ಅಂತ ಗೊತ್ತಾದರೆ ತಾನೇ ಹೊರೋದು? ಒಂದು ಗಂಟೆಗೆ ಮುಗಿಸಬೇಕು. ಟೀ ಮಾತ್ರ, ಬಿಸ್ಕತ್ತೂ ಇಲ್ಲ. ಈ ಒಂದು ನಿಯಮ ಸಡಿಲ ಮಾಡಿದರೆ ಮತ್ತೆ ಚಿಕನ್ ಪಲಾವಿಗೇ ಬಂದು ನಿಲ್ಲುತ್ತೀರಿ.

ಮಾತು ಬಿಟ್ಟ ಎರಡು ಮನೆಯವರು ಒಂದೇ ಗುಂಪಿನಲ್ಲಿ ಬಿದ್ದರೆ ಏನು ಮಾಡೋದು ಅಂತ ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ ಅಂಥ ಮೂರು ಜೋಡಿ ಇತ್ತು, ಎರಡು ಜೋಡಿ ಈಗ ಒಟ್ಟಿಗೆ ಟೀ ಕುಡಿಯುತ್ತಾರೆ. ಅದಕ್ಕೆ ಒಂದು ಉಪಾಯ ಇದೆ. ಬರೆದರೆ ಆ ಮನೆಯವರಿಗೇ ಗೊತ್ತಾಗಿಬಿಡುತ್ತದೆ. ಊರಿಗೆ ಬಂದರೆ ಎದುರಿಗೆ ಹೇಳುತ್ತೇನೆ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಫೋನ್‌ಪೇ ಇರುವಾಗ ಚಿಲ್ಲರೆ ಯಾಕೆ ಅಂತ ಯೌವನಸ್ಥರು ಹಟ ಹಿಡಿದರು. ಹೊಸ ಬಡಾವಣೆಯ ಗುಂಪಿಗೆ ಬಿಟ್ಟುಕೊಟ್ಟೆ. ದುಡ್ಡು ತಿಂಗಳ ಒಂದನೇ ತಾರೀಖಿಗೇ ಪೂರ್ತಿ ಬಂದುಬಿಡುತ್ತಿತ್ತು, ಬೇರೆ ಯಾವ ಗುಂಪಿಗೂ ಅಷ್ಟು ಬರುತ್ತಿರಲಿಲ್ಲ. ಆದರೆ ಯಾರೂ ಯಾರ ಮನೆಗೂ ಹೋಗಲಿಲ್ಲ. ಮೂರು ತಿಂಗಳಲ್ಲಿ ಆ ಬಡಾವಣೆಯವರ ಹಾಜರಿ ಮೊದಲಿನ ಮಟ್ಟಕ್ಕೆ ಇಳಿಯಿತು. ಮತ್ತೆ ಚಿಲ್ಲರೆಗೆ ಬಂದೆವು. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹುಡುಗರದ್ದೇ ಒಂದು ಗುಂಪು ಬೋಗಿಯಲ್ಲಿ ನಡೆಸಿದೆವು. ಚೆನ್ನಾಗಿ ನಡೆಯುತ್ತಿತ್ತು, ಶಿಫ್ಟ್ ಬದಲಾದ ಮೇಲೆ ಚದುರಿತು. ಅದನ್ನ ಮತ್ತೆ ಕೂಡಿಸುವ ಆಸೆ ನನಗಿದೆ.

ಸುಗ್ಗಿ ಹಬ್ಬದ ಹರಾಜು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಆಯಿತು. ಕೋಳಿ, ಕುಂಬಳಕಾಯಿ, ರಾಗಿ ಚೀಲ, ಎಳನೀರು ಗೊನೆ ಎಲ್ಲ ಯಾವಾಗಲೂ ಅದೇ ನಾಲ್ಕು ಜನ ಕೂಗುತ್ತಿದ್ದರು, ಉಳಿದವರು ನೋಡುತ್ತಿದ್ದರು. ಈ ಸಲ ಗುಂಪುಗಳು ಕೂಗಬೇಕು ಅಂದೆವು. ಒಂದು ಹಲಸಿನ ಹಣ್ಣಿಗೆ ಎರಡು ಬೀದಿಯವರು ಪೈಪೋಟಿಗೆ ಬಿದ್ದು ಸಾವಿರದ ಎಂಟುನೂರರ ತನಕ ಏರಿಸಿದರು. ಗೆದ್ದವರು ಅಲ್ಲೇ ಕೊಯ್ದು ಸೋತವರಿಗೂ ಹಂಚಿದರು. ಕೂಲಿಯವರು ಹರಾಜಿನಲ್ಲಿ ಬಾಯಿ ಬಿಟ್ಟದ್ದನ್ನ ನಾನು ನೋಡಿದ್ದು ಅದೇ ಮೊದಲು.

ಲೆಕ್ಕಕ್ಕೆ ಬರೋಣ. ಮೊದಲ ವರ್ಷ 88 ಸಾವಿರದ ಹತ್ತಿರ ಬಂತು, ಯಾಕೆಂದರೆ ಎಲ್ಲ ಹನ್ನೊಂದು ಗುಂಪು ಒಟ್ಟಿಗೆ ಶುರುವಾಗಿರಲಿಲ್ಲ. ಎರಡನೇ ವರ್ಷ 1.1 ಲಕ್ಷ. ಎರಡು ಸುಗ್ಗಿ ಹಬ್ಬದಿಂದ ಮುಕ್ಕಾಲು ಲಕ್ಷ. ಸಾಲ ತೀರಿತು. ಭಾನುವಾರದ ಕಾಣಿಕೆ ಕಡಿಮೆಯಾಗುತ್ತದೆ ಅಂತ ಎಲ್ಲರೂ ಹೆದರಿದ್ದರು, ಅದು ಒಂದೂವರೆ ಪಟ್ಟಾಗಿದೆ. ಹಾಜರಿ ಈಗ ನೂರೈವತ್ತು, ನೂರರವತ್ತು. ಮಳೆ ಇದ್ದರೂ ನೂರಿಪ್ಪತ್ತಕ್ಕೆ ಇಳಿಯಲ್ಲ.

ಸಾಲ ತೀರಿದ ಮೇಲೆ ನಿಲ್ಲಿಸೋಣ ಅಂತ ನಾನೇ ಕೇಳಿದೆ. ಹನ್ನೊಂದು ಲೀಡರ್‌ಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ಆ 20 ರೂಪಾಯಿ ಈಗ ಗುಂಪಿನಲ್ಲೇ ಉಳಿಯುತ್ತದೆ. ಆಸ್ಪತ್ರೆ, ಸ್ಕೂಲ್ ಫೀಸು, ಸಾವಿನ ಮನೆಯ ಮೊದಲ ದಿನದ ಖರ್ಚು ಅದರಿಂದ ಹೋಗುತ್ತದೆ, ಕಮಿಟಿಯನ್ನು ಕೇಳಬೇಕಾಗಿಲ್ಲ.

ನಮಗೆ ಸಾಲವೇ ಇಲ್ಲ, ನಾವೇನು ಮಾಡೋಣ ಅಂತ ಕೇಳುವವರಿಗೆ ನಾನು ಹೇಳೋದು ಇಷ್ಟು. ಸಮಾಧಿ ತೋಟದ ಕಾಂಪೌಂಡೋ, ಹೊಸ ಮೈಕ್ ಸೆಟ್ಟೋ, ಎಲ್ಲರ ಕಣ್ಣಿಗೂ ಬೀಳುವ ಯಾವುದಾದರೂ ಒಂದು ಕೆಲಸ ಹಿಡಿಯಿರಿ. ಎರಡು ವರ್ಷದಲ್ಲಿ ಮುಗಿಯುವಂಥದ್ದಾಗಿರಲಿ. ಸುಮ್ನೆ "ಅನ್ಯೋನ್ಯತೆಗಾಗಿ" ಅಂತ ಬಾಗಿಲು ತಟ್ಟಿದರೆ ಎರಡನೇ ವಾರ ಯಾರೂ ತೆಗೆಯಲ್ಲ. ಮೂರು ಬೀದಿಗಿಂತ ಜಾಸ್ತಿ ಒಂದೇ ಸಲ ಶುರು ಮಾಡಬೇಡಿ.